ಇಪ್ಪತ್ತು ವರ್ಷದ ಶುಗರ್ ಇದ್ದವರಿಗೆ ನಾನು ನೆನಪಿನ ಬಗ್ಗೆಯೂ ಕೇಳುತ್ತೇನೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಬರುವವರಲ್ಲಿ ವಯಸ್ಸಾದವರೇ ಜಾಸ್ತಿ, ಅದರಲ್ಲೂ ಹದಿನೈದು ಇಪ್ಪತ್ತು ವರ್ಷದಿಂದ ಶುಗರ್ ಇರುವವರು. ಕಾಟನ್ ಮಿಲ್ಲಿನಲ್ಲಿ ದುಡಿದು ಬಿಟ್ಟ ಅಜ್ಜಂದಿರು, ಆನಗೋಡು, ಜಗಳೂರು ಕಡೆಯಿಂದ ಮಗನ ಬೈಕ್ ಹತ್ತಿ ಬರುವ ಅಜ್ಜಿಯರು. ಕಣ್ಣು, ಕಾಲು, ಕಿಡ್ನಿ ತೋರಿಸಬೇಕು ಅನ್ನೋದು ಈಗ ಇವರಿಗೆಲ್ಲ ಗೊತ್ತು. ಮೆದುಳಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಮರೆವು ಶುರುವಾದರೆ "ಅರವತ್ತಕ್ಕೆ ಅರಳು ಮರಳು ಬಿಡಿ ಡಾಕ್ಟ್ರೇ" ಅಂತ ಮನೆಯವರೇ ಮುಗಿಸಿಬಿಡುತ್ತಾರೆ.

ಅದು ಬರೀ ವಯಸ್ಸಿನ ಮರೆವು ಅಂತ ಸುಮ್ನೆ ಬಿಡುವಂಥದ್ದಲ್ಲ. ಬಹಳ ವರ್ಷ ಶುಗರ್ ಏರಿ ನಿಂತರೆ ಕಣ್ಣಿನ ಸಣ್ಣ ರಕ್ತನಾಳ ಕೆಡುವ ಹಾಗೆ ಮೆದುಳಿನ ಸಣ್ಣ ನಾಳಗಳೂ ಕೆಡುತ್ತವೆ. ಬಿಪಿಯೂ ಇದ್ದರೆ ಕೈಕಾಲು ಬೀಳದೆಯೇ, ಯಾರ ಗಮನಕ್ಕೂ ಬಾರದೆಯೇ ಚಿಕ್ಕ ಚಿಕ್ಕ ಸ್ಟ್ರೋಕ್ ಆಗಿ ಹೋಗಿರಬಹುದು. ಶುಗರ್ ಇಲ್ಲದವರಿಗಿಂತ ಇರುವವರಿಗೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಸಣ್ಣ ವಯಸ್ಸಿಗೇ ಶುಗರ್ ಬಂದವರಿಗೆ ಇನ್ನೂ ಹೆಚ್ಚು.

65 ದಾಟಿದ ಶುಗರ್ ರೋಗಿಗಳ ನೆನಪನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘದ ಮಾರ್ಗಸೂಚಿ ಹೇಳುತ್ತದೆ. ಎಲ್ಲ ಕಡೆ ಬಳಕೆಯಲ್ಲಿರುವ ಒಂದು ಪುಟ್ಟ ಪರೀಕ್ಷೆ ಇದೆ. ಮೂರು ಪದ ಹೇಳಿ, ನಡುವೆ ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಮೂರು ಪದ ಕೇಳುವುದು. ಪೆನ್ನನ್ನೇ ಹಿಡಿಯದ ಅಜ್ಜಿಗೆ ಗಡಿಯಾರ ಬರಿ ಅಂದರೆ ಏನು ಗೊತ್ತಾಗುತ್ತದೆ ಹೇಳಿ? ಹಾಗಾಗಿ ನಾನು ಎತ್ತು, ಬಾವಿ, ಕುಡುಗೋಲು ಅಂತ ಮೂರು ಪದ ಹೇಳಿಸಿ, ಬಿಪಿ ನೋಡುತ್ತಾ ಸಂತೆಯ ಲೆಕ್ಕ ಕೇಳುತ್ತೇನೆ. "ಅಮ್ಮಾ, 500ರ ನೋಟು ಕೊಟ್ಟು 130 ರೂಪಾಯಿ ತರಕಾರಿ ತಗೊಂಡ್ರೆ ವಾಪಸ್ ಎಷ್ಟು ಬರ್ಬೇಕು?" ಜೀವಮಾನವೆಲ್ಲ ವ್ಯಾಪಾರ ಮಾಡಿದ ಹೆಂಗಸು ಅಲ್ಲಿ ತಡವರಿಸಿದರೆ ನನಗೆ ಅನುಮಾನ ಬರುತ್ತದೆ. ಕಿವಿ ಸರಿಯಾಗಿ ಕೇಳಿಸುತ್ತದಾ ಅಂತ ಮೊದಲೇ ನೋಡಿಕೊಂಡಿರುತ್ತೇನೆ, ಯಾಕೆಂದರೆ ಎಷ್ಟೋ ಸಲ ಮರೆವು ಅನ್ನೋದು ಕೇಳಿಸದೇ ಇದ್ದದ್ದು. ಇದು ಕಾಯಿಲೆ ಇದೆಯೆಂದು ತೀರ್ಮಾನಿಸುವ ಪರೀಕ್ಷೆಯಲ್ಲ. ನರರೋಗ ತಜ್ಞರ ಹತ್ತಿರ ಕಳಿಸಬೇಕಾ ಬೇಡವಾ ಅಂತ ತಿಳಿಯಲು ಅಷ್ಟೇ. ಅಲ್ಲಿ ಪೂರ್ತಿ ಪರೀಕ್ಷೆ ಕನ್ನಡದಲ್ಲೇ ಮಾಡಬಹುದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ಆಮೇಲೆ ಸೊಸೆಯನ್ನೋ ಮಗಳನ್ನೋ ಬೇರೆ ಮಾತಾಡಿಸುತ್ತೇನೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಾ, ಒಲೆ ಆರಿಸೋದು ಮರೀತಾರಾ, ಮಾತ್ರೆ ನುಂಗಿ ಮತ್ತೆ ನುಂಗ್ತಾರಾ. ಅತ್ತೆಯ ಎದುರಿಗೆ ಸೊಸೆ ಹೇಳುವುದಿಲ್ಲ, ಸೊಸೆಯ ಎದುರಿಗೆ ಅತ್ತೆ ಒಪ್ಪುವುದಿಲ್ಲ.

ಇನ್ನು ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ ಲೋ ಶುಗರ್. ಶುಗರ್ ಜಾಸ್ತಿ ಆದರೆ ಹೆದರುವ ಜನ, ಕಮ್ಮಿ ಆದರೆ ಖುಷಿಪಡುತ್ತಾರೆ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು, ಆದರೆ ಸುಮ್ಮನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು, ಅದೂ ಮುಖ್ಯವಾಗಿ ಗ್ಲೂಕೋಸ್. ನಮ್ಮಲ್ಲಿಗೆ ಬರುವ ಒಬ್ಬ ಹಳೇ ಮಿಲ್ ಕಾರ್ಮಿಕರು ಬೆಳಗಿನ ಜಾವ ಎದ್ದು ಕೂತು, ಪಾಳಿಗೆ ಹೊತ್ತಾಯಿತು, ಅಂಗಿ ಕೊಡು ಅಂತ ಹೆಂಡತಿಗೆ ಗದರುತ್ತಿದ್ದರಂತೆ. ತಲೆ ಕೆಟ್ಟಿದೆ ಅಂತ ಮನೆಯಲ್ಲಿ ಅಳು. ಮುಂದಿನ ಸಲ ಹಾಗೆ ಆದಾಗ ಬೆರಳು ಚುಚ್ಚಿ ನೋಡಿ ಅಂದೆ. 52 ಇತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದ ಮೇಲೆ "ಯಾಕೆ ಎಲ್ಲ ಎದ್ದು ಕೂತಿದ್ದೀರಿ?" ಅಂತ ಅವರೇ ಕೇಳಿದರಂತೆ.

70ಕ್ಕಿಂತ ಕೆಳಗೆ ಹೋದರೆ ಲೋ, 54ಕ್ಕಿಂತ ಕೆಳಗೆ ಹೋದರೆ ಅಪಾಯ. ವಯಸ್ಸಾದವರಿಗೆ ಬೆವರು, ನಡುಕ ಬಾರದೇ ಇರಬಹುದು, ನೇರ ಗೊಂದಲವೇ ಶುರುವಾಗಬಹುದು. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಗಳು ನಡುಕ, ಎದೆಬಡಿತವನ್ನು ಮುಚ್ಚಿಹಾಕುತ್ತವೆ. ಸಕ್ಕರೆ ನೀರು ಕೊಟ್ಟು 15 ನಿಮಿಷಕ್ಕೆ ಮತ್ತೆ ಶುಗರ್ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು. ಜೋರಾದ ಲೋ ಶುಗರ್ ಆದವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚು ಕಂಡುಬಂದಿದೆ, ಮರೆವು ಇರುವವರು ಊಟ ಮರೆತು, ಮಾತ್ರೆ ಎರಡು ಸಲ ನುಂಗಿ ಮತ್ತೆ ಲೋ ಆಗುತ್ತಾರೆ, ಒಂದು ಇನ್ನೊಂದನ್ನು ಎಳೆದು ತರುತ್ತದೆ.

ಅದಕ್ಕೇ ಇಂಥವರ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಲೋ ಮಾಡಬಲ್ಲ ಶುಗರ್ ಔಷಧಿಗಳನ್ನು: ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್. ಕಿಡ್ನಿ ಸೋತಿದ್ದರೆ ಇವು ಮೈಯಲ್ಲೇ ಉಳಿದು ಶುಗರ್ ಇಳಿಸುತ್ತಲೇ ಇರುತ್ತವೆ. ಶ್ರಾವಣ ಸೋಮವಾರ, ಶಿವರಾತ್ರಿ ಅಂತ ಉಪವಾಸ ಮಾಡುವ ಅಜ್ಜಿಯರು ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ಹಬ್ಬಕ್ಕೆ ಮುಂಚೆಯೇ ಬನ್ನಿ, ಡೋಸ್ ಬದಲಿಸಿ ಬರೆದುಕೊಡುತ್ತೇನೆ, ನೀವೇ ನಿಲ್ಲಿಸಬೇಡಿ ಅಂತ ಹೇಳಿ ಹೇಳಿ ಈಗ ರೂಢಿಯಾಗಿದೆ.

ಮರೆವು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಎಲ್ಲ ಇರುವ ಹಿರಿಯರಿಗೆ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು ಅನ್ನುತ್ತೇನೆ. "8 ಅಂದ್ರೆ ಜಾಸ್ತಿ ಅಲ್ವಾ?" ಅಂತ ಮಕ್ಕಳು ಲ್ಯಾಬ್ ರಿಪೋರ್ಟ್ ಮುಂದೆ ಹಿಡಿಯುತ್ತಾರೆ. ಅವರಿಗೆ ಅಕಾರ್ಡ್ ಅಧ್ಯಯನದ ಕಥೆ ಹೇಳುತ್ತೇನೆ. ಅಮೆರಿಕ, ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದದ್ದು. 6ರ ಕೆಳಗೆ ಇಳಿಸಲು ಹಟ ಹಿಡಿದ ಗುಂಪಿನಲ್ಲಿ ಸಾವು ಜಾಸ್ತಿಯಾಗಿ 2008ರಲ್ಲಿ ಆ ಚಿಕಿತ್ಸೆ ನಿಲ್ಲಿಸಿದರು. ನೆನಪಿನ ಪರೀಕ್ಷೆಯಲ್ಲೂ ಅವರೇನೂ ಮುಂದೆ ಇರಲಿಲ್ಲ. ಆದರೆ ಗಟ್ಟಿಮುಟ್ಟಾಗಿರುವ 66ರ ಯಜಮಾನರಿಗೆ ಈ 8 ಅಲ್ಲ, ಅವರು ಏಳು, ಏಳೂವರೆ ಒಳಗೇ ಇರಬೇಕು.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಿಗೆ ವಿಟಮಿನ್ ಬಿ12 ಟೆಸ್ಟ್ ಬರೆಯುತ್ತೇನೆ. ಆ ಮಾತ್ರೆ ಬಿ12 ತಗ್ಗಿಸುತ್ತದೆ, ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಇನ್ನೂ ಬೇಗ. ಕೊರತೆಯಿಂದ ಬಂದ ಮರೆವು ಬೇಗ ಹಿಡಿದರೆ ಸುಧಾರಿಸುತ್ತದೆ. ಇದೊಂದು ಟೆಸ್ಟ್ ಯಾರೂ ತಪ್ಪಿಸಬೇಡಿ. ಕುಂದವಾಡ ಕೆರೆಯ ಮೇಲೆ ನಡೆಯುವುದು, ಬಿಪಿ ಹಿಡಿತದಲ್ಲಿಡುವುದು, ಸಂಜೆ ಮಂಡಕ್ಕಿ ಮಿರ್ಚಿ ಕಮ್ಮಿ ಮಾಡುವುದು, ಇದನ್ನೆಲ್ಲ ನೀವು ಆಗಲೇ ಕೇಳಿರುತ್ತೀರಿ.

ಮರೆವು ಗೊತ್ತಾದ ಮೇಲೆ ಮಾತ್ರೆ ಡಬ್ಬಿ ರೋಗಿಯ ಕೈಯಲ್ಲಿ ಇರಬಾರದು. ಮನೆಯಲ್ಲಿ ಯಾರು ಕೊಡುತ್ತಾರೆ ಅಂತ ಕೇಳಿ ಅವರ ಹೆಸರನ್ನೇ ಚೀಟಿಯ ಮೇಲೆ ಬರೆಯುತ್ತೇನೆ. ಮಕ್ಕಳು ಬೆಂಗಳೂರಲ್ಲಿದ್ದು ಒಬ್ಬರೇ ಇರುವವರಿಗೆ ಆದಷ್ಟೂ ದಿನಕ್ಕೆ ಒಂದೇ ಹೊತ್ತಿನ, ಲೋ ಮಾಡದ ಮಾತ್ರೆಗೆ ಬದಲಿಸುತ್ತೇನೆ. ಪಕ್ಕದ ಮನೆಯವರ ಫೋನ್ ನಂಬರ್ ಕೂಡ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.