ವಾಕಿಂಗ್ ನಿಲ್ಲಬಾರದು ಅಂದ್ರೆ ಮೊದಲು ದಾರಿ ನೋಡಿಕೊಳ್ಳಿ

ವಾಕಿಂಗ್ ಶುರು ಮಾಡಿ ಎರಡೇ ವಾರಕ್ಕೆ ಬಿಟ್ಟೆ ಅಂತ ಇಲ್ಲಿ ತುಂಬಾ ಜನ ಬರೆಯುತ್ತಿದ್ದೀರಿ. ಸುಮ್ನೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಮನಸ್ಸು ಎಷ್ಟು ಮುಖ್ಯವೋ ಮನೆ ಸುತ್ತಲಿನ ಜಾಗವೂ ಅಷ್ಟೇ ಮುಖ್ಯ. ಲಾಲ್‌ಬಾಗ್ 240 ಎಕರೆ ಇದೆ, ನಿಜ, ಆದರೆ ಬಸ್ಸು ಹಿಡಿದು ಅಲ್ಲಿಗೆ ಹೋಗುವುದು ದಿನಾ ಆಗುವ ಮಾತಲ್ಲ, ಅಲ್ವಾ? ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ದಿನದ ನಡಿಗೆಗೆ ಮನೆ ಹತ್ತಿರದ ದಾರಿಯನ್ನೇ ಹುಡುಕಿ. ನೀವು ನಡೆಯುವ ಹೊತ್ತಿನಲ್ಲೇ ಒಮ್ಮೆ ಹೋಗಿ ನೋಡಿ: ಬೀದಿದೀಪ ಉರಿಯುತ್ತಾ, ಫುಟ್‌ಪಾತ್ ಮೇಲೆ ಬೈಕ್ ನಿಂತಿರುತ್ತಾ, ಚರಂಡಿ ಮೇಲಿನ ಚಪ್ಪಡಿ ಅಲ್ಲಾಡುತ್ತಾ, ನಾಯಿ ಕಾಟ ಇದೆಯಾ. ಕತ್ತಲಲ್ಲಿ ಒಬ್ಬರೇ ಹೋಗಲು ಹೆಂಗಸರಿಗೆ ಹೆದರಿಕೆ ಆದರೆ ಅದು ನೆಪ ಅಲ್ಲ, ಸರಿಯಾದ ಕಾರಣ. ಪಕ್ಕದ ಮನೆಯವರ ಜೊತೆ ಹೊತ್ತು ಗೊತ್ತು ಮಾಡಿಕೊಳ್ಳಿ. ಗೇಟಿನ ಹತ್ತಿರ ಒಬ್ಬರು ಕಾಯುತ್ತಿದ್ದಾರೆ ಅಂದರೆ ಎಷ್ಟೇ ಚಳಿ ಇದ್ದರೂ ಹಾಸಿಗೆ ಬಿಟ್ಟು ಏಳಲೇಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮ. ಬಿರುಸಾಗಿ ನಡೆದರೂ ಸಾಕು, ಅಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳುವಷ್ಟು ಉಸಿರು ಉಳಿದಿರಬಾರದು. ಒಂದೇ ಸಲ ಮುಗಿಸಬೇಕಿಲ್ಲ. ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕು ಅನ್ನುವ ಹಳೇ ಷರತ್ತನ್ನೂ 2020ರಲ್ಲಿ ತೆಗೆದಿದ್ದಾರೆ. ಹಾಗಾಗಿ ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿ ಇರುವವರು ಶಾಲೆಗೆ ಬಿಟ್ಟು ಬರುವಾಗ ಸ್ವಲ್ಪ, ಸಂಜೆ ತರಕಾರಿಗೆ ಹೋಗುವಾಗ ಸ್ವಲ್ಪ ಅಂತ ಸೇರಿಸಿಕೊಳ್ಳಿ.

ನೀವು ಯಾವ ಬಡಾವಣೆ, ಯಾವ ಹೊತ್ತು ಅಂತ ಕೆಳಗೆ ಹಾಕಿ. ಜೊತೆ ಬೇಕಾದವರು ಅಲ್ಲೇ ಸಿಗುತ್ತಾರೆ.