ಮೊದಲು ವಾಟ, ಆಮೇಲೆ ಡಕ್ಟ್

ಔಟರ್ ರಿಂಗ್ ರೋಡ್‌ನ ಒಂದು ಟೆಕ್ ಪಾರ್ಕ್‌ನಲ್ಲಿ ಆರನೇ ಮಹಡಿ ನಮ್ಮ ಕೈಗೆ ಬಂದಾಗ ಅಲ್ಲಿದ್ದದ್ದು ಬರೀ ಕಾಂಕ್ರೀಟ್ ನೆಲ, ಕಂಬ, ಗಾಜಿನ ಹೊರಗೋಡೆ. ಸುಮಾರು 38,000 ಚದರ ಅಡಿ. 11 ವಾರದಲ್ಲಿ ಅಲ್ಲಿ ಜನ ಕೂತು ಕೆಲಸ ಶುರು ಮಾಡಬೇಕಿತ್ತು. ಒಳಾಂಗಣದ ಕೆಲಸಕ್ಕೆ ಅಂತ ಕಟ್ಟಡದ ಮಾಲೀಕರು ಕೆಲವು ತಿಂಗಳ ಬಾಡಿಗೆ ಕೇಳುವುದಿಲ್ಲ. ಆ ಗಡುವು ದಾಟಿದರೆ ಕೆಲಸ ಮುಗಿಯದಿದ್ದರೂ ಬಾಡಿಗೆ ಶುರು. ಬೆಂಗಳೂರಿನಲ್ಲಿ ಆಫೀಸ್ ಫಿಟ್‌ಔಟ್ ಮಾಡುವವರು ದಿನ ಎಣಿಸುವುದು ಇದಕ್ಕೇ.

ಅದಕ್ಕೂ ಹಿಂದಿನ ಸೈಟ್‌ನಲ್ಲಿ ಹಾಕಿದ್ದ ಫಾಲ್ಸ್ ಸೀಲಿಂಗನ್ನು ಎರಡು ಸಲ ಬಿಚ್ಚಿದ್ದೆವು. ಏಸಿಯ ನೀರು ಹೋಗುವ ಪೈಪ್‌ಗೆ ಜಾಗ ಇರಲಿಲ್ಲ. ಪೇಂಟ್ ಆಗಿದ್ದ ಬೋರ್ಡ್ ಒಡೆಯುವಾಗ ಆ ಕೆಲಸಗಾರರ ಮುಖ ನೋಡಲು ಆಗಲಿಲ್ಲ. ಇನ್ನು ಮುಂದೆ ಕಂಪ್ಯೂಟರ್‌ನಲ್ಲಿ ಇಡೀ ಜಾಗದ ಮೂರು ಆಯಾಮದ ಮಾಡೆಲ್ ಮಾಡದೆ ದೊಡ್ಡ ಕೆಲಸಕ್ಕೆ ಕೈ ಹಾಕಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಇಂಥ ಮಾಡೆಲ್‌ಗೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂಬ ಹೆಸರಿದೆ. ಆದರೆ ಸೈಟ್‌ನಲ್ಲಿ ಹಾಗೆಂದರೆ ಎಲ್ಲರೂ ತಲೆ ಎತ್ತಿ ಕಾಂಕ್ರೀಟ್ ಬೀಮ್ ನೋಡುತ್ತಾರೆ. ಅದಕ್ಕೇ ನಾವು ಮಾಡೆಲ್ ಎಂದಷ್ಟೇ ಹೇಳುತ್ತೇವೆ.

ಮೊದಲು ಮಾಡಿದ ಕೆಲಸ ಅಳತೆ. ಕಟ್ಟಡದವರು ಕೊಟ್ಟ ಡ್ರಾಯಿಂಗ್ ಮೇಲೆ ಮಾಡೆಲ್ ಕಟ್ಟಲಿಲ್ಲ. ಲೇಸರ್ ಸ್ಕ್ಯಾನರ್ ಬಾಡಿಗೆಗೆ ತಂದೆವು. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಂತು ಅದು ತಾನೇ ಸುತ್ತುತ್ತದೆ. ಗೋಡೆ, ಕಂಬ, ಬೀಮ್ ಎಲ್ಲದರಿಂದ ಲಕ್ಷಗಟ್ಟಲೆ ಚುಕ್ಕಿಗಳನ್ನು ಹಿಡಿಯುತ್ತದೆ. ಜಾಗ ಬದಲಿಸುತ್ತಾ ಎರಡು ರಾತ್ರಿ ಸ್ಕ್ಯಾನ್ ಮಾಡಿದೆವು. ಆ ಚುಕ್ಕಿಗಳನ್ನು ರೆವಿಟ್ ಎಂಬ ಮಾಡೆಲ್ ಮಾಡುವ ಸಾಫ್ಟ್‌ವೇರ್‌ಗೆ ತಂದು, ಅದರ ಮೇಲೆಯೇ ಮಾಡೆಲ್ ಎಬ್ಬಿಸಿದೆವು.

ಡ್ರಾಯಿಂಗ್ ಪ್ರಕಾರ ಎಲ್ಲ ಬೀಮ್‌ಗಳ ಆಳ 600 ಮಿ.ಮೀ. ಸ್ಕ್ಯಾನ್‌ನಲ್ಲಿ ಲಿಫ್ಟ್ ಗೋಡೆಯ ಪಕ್ಕದ ಎರಡು ಬೀಮ್ 750 ಇದ್ದವು. 150 ಮಿ.ಮೀ. ಅಂದರೆ ಒಂದು ಗೇಣೂ ಇಲ್ಲ. ಆದರೆ ಸೀಲಿಂಗ್ ಮೇಲಿನ ಲೆಕ್ಕ ನೋಡಿ. ಬೀಮ್‌ನ ತಳದಿಂದ ಫಾಲ್ಸ್ ಸೀಲಿಂಗ್‌ಗೆ ನಮಗೆ 600 ಮಿ.ಮೀ. ಸಿಗಬೇಕಿತ್ತು. ಡಕ್ಟ್, ಅಂದರೆ ಏಸಿಯ ಗಾಳಿ ಸಾಗಿಸುವ ತಗಡಿನ ಕೊಳವೆ, 350, ಅದರ ಮೇಲೆ ಕೆಳಗೆ ಹೊದಿಕೆ 25-25, ಒಟ್ಟು 400. ಸೀಲಿಂಗ್ ಫ್ರೇಮ್, ಲೈಟ್ ಸೇರಿ 120. ಉಳಿಯುವುದು 80. ಈಗ ಬೀಮ್ 150 ಕೆಳಗೆ ಬಂದರೆ? ಡಕ್ಟ್ ನುಸುಳುವುದೇ ಇಲ್ಲ. ಇದು ನಮಗೆ ಎರಡನೇ ವಾರ, ಕಂಪ್ಯೂಟರ್ ಮುಂದೆ ಗೊತ್ತಾಯಿತು. ಆರನೇ ವಾರ ಏಣಿ ಮೇಲೆ ನಿಂತಾಗ ಗೊತ್ತಾಗಿದ್ದರೆ ತಗಡು ಕತ್ತರಿಸಿ ಬಂದಿರುತ್ತಿತ್ತು. 600 ಅಗಲ, 350 ಎತ್ತರದ ಡಕ್ಟನ್ನು ಆ ಜಾಗದಲ್ಲಿ ಮಾತ್ರ 1,050 ಅಗಲ, 200 ಎತ್ತರ ಮಾಡಿದೆವು. ಗಾಳಿ ಹೋಗುವ ದಾರಿ ಅಷ್ಟೇ ಉಳಿಯಿತು. ಚಪ್ಪಟೆ ಆದಷ್ಟೂ ಗಾಳಿಗೆ ತಡೆ ಜಾಸ್ತಿ, ಹಾಗಾಗಿ ಏಸಿ ಎಂಜಿನಿಯರ್ ಇನ್ನೊಮ್ಮೆ ಲೆಕ್ಕ ಹಾಕಿ ಒಪ್ಪಿದರು.

ಆಮೇಲೆ ನಾವಿಸ್‌ವರ್ಕ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಡಕ್ಟ್, ಪೈಪ್, ಕೇಬಲ್ ಟ್ರೇ, ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಎಲ್ಲ ಒಟ್ಟು ಸೇರಿಸಿ ಕ್ಲ್ಯಾಶ್, ಅಂದರೆ ಒಂದಕ್ಕೊಂದು ತಾಗುವ ಜಾಗ, ನೋಡಿದೆವು. ಎರಡು ಸಾವಿರಕ್ಕೂ ಜಾಸ್ತಿ ಬಂತು. ಅಷ್ಟನ್ನೂ ಪ್ರಿಂಟ್ ತೆಗೆದು ಮೀಟಿಂಗ್‌ಗೆ ಇಟ್ಟದ್ದು ನನ್ನ ತಪ್ಪು. ಯಾರೂ ಓದಲಿಲ್ಲ. ಅದರಲ್ಲಿ ಬಹುಪಾಲು ಪೈಪ್‌ಗೆ ಅದರದ್ದೇ ಹ್ಯಾಂಗರ್ ತಾಗಿದಂಥವು. ಒಂದೇ ಡಕ್ಟ್ ಹತ್ತು ಕಡೆ ಒಂದೇ ಟ್ರೇಗೆ ತಾಗಿದರೆ ಅದು ಹತ್ತು ಸಮಸ್ಯೆ ಅಲ್ಲ, ಒಂದೇ. ಹಾಗೆ ಗುಂಪು ಮಾಡಿದಾಗ ನಿಜವಾಗಿ ಕೂತು ಮಾತಾಡಬೇಕಾದದ್ದು 60ರ ಆಸುಪಾಸು ಉಳಿಯಿತು.

ಮುಂದಿನ ಮೀಟಿಂಗ್‌ಗೆ ಕನ್ಸಲ್ಟೆಂಟ್‌ಗಳ ಜೊತೆ ಫೋರ್‌ಮನ್‌ಗಳನ್ನೂ ಕರೆದೆ. ದೊಡ್ಡ ಪರದೆಯ ಮೇಲೆ ಸೀಲಿಂಗ್ ಒಳಗೆ ನಡೆದಾಡಿದ ಹಾಗೆ ತೋರಿಸಿದೆವು. ಮಂಡ್ಯ ಕಡೆಯ ಪ್ಲಂಬಿಂಗ್ ಫೋರ್‌ಮನ್ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಎಲ್ಲ ಚೆನ್ನಾಗೈತೆ ಸಾರ್, ಈ ಪೈಪ್‌ಗೆ ವಾಟ ಎಲ್ಲಿ?"

ವಾಟ ಅಂದರೆ ನೀರು ಹರಿಯಲು ಬೇಕಾದ ಇಳಿಜಾರು. ನಮ್ಮ ಹುಡುಗರು ಏಸಿಯ ನೀರು ಹೋಗುವ ಡ್ರೈನ್ ಪೈಪನ್ನು ಮಟ್ಟಸವಾಗಿ ಎಳೆದಿದ್ದರು! ಸಾಫ್ಟ್‌ವೇರ್‌ಗೆ ಅದು ತಪ್ಪು ಅನ್ನಿಸಲಿಲ್ಲ, ಯಾಕೆಂದರೆ ಯಾವುದಕ್ಕೂ ತಾಗಿರಲಿಲ್ಲ. ನೂರಕ್ಕೆ ಒಂದು ವಾಟ ಕೊಟ್ಟರೆ 14 ಮೀಟರ್ ಓಟದಲ್ಲಿ ಪೈಪ್ 140 ಮಿ.ಮೀ. ಇಳಿಯುತ್ತದೆ. ಅಷ್ಟು ಜಾಗ ಎಲ್ಲಿಯೂ ಇರಲಿಲ್ಲ. ಹಿಂದಿನ ಸೈಟ್‌ನಲ್ಲಿ ಸೀಲಿಂಗ್ ಒಡೆಸಿದ್ದೂ ಇದೇ. ಅಲ್ಲೇ ಕೂತು ಕ್ರಮ ಬದಲಿಸಿದೆವು. ಮೊದಲು ಡ್ರೈನ್, ಆಮೇಲೆ ಡಕ್ಟ್, ಆಮೇಲೆ ಟ್ರೇ, ಕೊನೆಗೆ ಸ್ಪ್ರಿಂಕ್ಲರ್ ಪೈಪ್. ಕೇಬಲನ್ನು ಹೇಗೆ ಬೇಕಾದರೂ ತಿರುಗಿಸಬಹುದು, ನೀರು ತಾನಾಗಿ ಮೇಲೆ ಹತ್ತಲ್ಲ ಅಲ್ವಾ? ಮೂರು ಏಸಿ ಯೂನಿಟ್‌ಗಳನ್ನು ಪೈಪ್‌ಗಳು ಕೆಳಗಿಳಿಯುವ ಶಾಫ್ಟ್ ಕಡೆಗೆ ಸರಿಸಿದೆವು. 14 ಮೀಟರ್ ಓಟ 8ಕ್ಕೆ ಇಳಿಯಿತು. ಆ ಒಂದು ಪ್ರಶ್ನೆ ನಮಗೆ ಉಳಿಸಿಕೊಟ್ಟ ದಿನಗಳಿಗಾಗಿ ಆ ಫೋರ್‌ಮನ್‌ಗೆ ನಾನು ಇವತ್ತಿಗೂ ಋಣಿ.

ಇಷ್ಟೆಲ್ಲ ಆಗುವಾಗ ಎರಡೂವರೆ ವಾರ ಕಳೆದಿತ್ತು. ಸೈಟ್‌ನಲ್ಲಿ ನೆಲಕ್ಕೆ ಗುರುತು ಹಾಕಿದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕ್ಲೈಂಟ್ ಕಡೆಯವರು ಬಂದು "ಕೆಲಸ ಎಲ್ಲಿ?" ಎಂದು ಜೋರು ಮಾಡಿದರು. ಅವರ ಆತಂಕ ನ್ಯಾಯವೇ. ಆ ಹೊತ್ತಿಗೆ ಡಕ್ಟ್ ತುಂಡುಗಳು ಪೀಣ್ಯದ ವರ್ಕ್‌ಶಾಪ್‌ನಲ್ಲಿ ತಯಾರಾಗುತ್ತಿದ್ದವು. ಒಂದೊಂದಕ್ಕೂ ನಂಬರ್. ಸರ್ವಿಸ್ ಲಿಫ್ಟ್‌ನ ಬಾಗಿಲ ಅಳತೆಯನ್ನೂ ಮಾಡೆಲ್‌ಗೆ ಹಾಕಿದ್ದರಿಂದ ಲಿಫ್ಟ್‌ನಲ್ಲಿ ಹಿಡಿಸದ ತುಂಡು ಒಂದೂ ಬರಲಿಲ್ಲ. ಹಗಲು ಲಾರಿ ತರುವುದು ಕಷ್ಟ, ರಾತ್ರಿ ತಂದು, ಬೆಳಗ್ಗೆ ನಂಬರ್ ನೋಡಿ ಏರಿಸುವುದು.

ನಿಜವಾಗಿ ದಿನ ಉಳಿದದ್ದು ಗಾಜಿನಲ್ಲಿ. ಮೀಟಿಂಗ್ ರೂಮ್‌ಗಳಿಗೆ ಹಾಕುವ ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲು ಆಗುವುದಿಲ್ಲ, ಪುಡಿಯಾಗುತ್ತದೆ. ಅದಕ್ಕೇ ನೆಲ, ಸೀಲಿಂಗ್ ಮುಗಿದ ಮೇಲೆ ಅಳತೆ ತೆಗೆದು ಆರ್ಡರ್ ಕೊಡುವುದು ವಾಡಿಕೆ. ಆಮೇಲೆ ವಾರಗಟ್ಟಲೆ ಕಾಯಬೇಕು. ನಾವು ಮಾಡೆಲ್ ಅಳತೆಯ ಮೇಲೆ ನಾಲ್ಕನೇ ವಾರವೇ ಆರ್ಡರ್ ಕೊಟ್ಟೆವು. ನೆಲದ ಏರುಪೇರು ಸ್ಕ್ಯಾನ್‌ನಲ್ಲಿ ಸಿಕ್ಕಿತ್ತು. ಅಲ್ಪಸ್ವಲ್ಪ ವ್ಯತ್ಯಾಸ ನುಂಗುವಷ್ಟು ಆಳದ, ಗಾಜು ಕೂರುವ ಚಾನೆಲ್ ಆರಿಸಿದೆವು. ಆದರೂ ಗಾಜು ಬಂದ ದಿನ ನನಗೆ ಊಟ ಸೇರಲಿಲ್ಲ. 46ರಲ್ಲಿ 45 ಸರಿಯಾಗಿ ಕೂತವು. ಕೂರದ ಒಂದು ಕಡೆ ಗೋಡೆಯನ್ನೇ ಗುರುತು ಬಿಟ್ಟು ಕಟ್ಟಿದ್ದರು.

ಮಾಡೆಲ್ ಸರಿಯಿದ್ದರೂ ಒಂದು ಕಡೆ ಎಡವಿದೆವು. ಸ್ಪ್ರಿಂಕ್ಲರ್ ತಂಡದ ಕೈಯಲ್ಲಿ ಹಳೆಯ ಪ್ರಿಂಟ್ ಉಳಿದುಬಿಟ್ಟಿತ್ತು. ಒಂದು ಸಾಲು ಪೈಪ್ ಡಕ್ಟ್ ಬರುವ ಜಾಗದಲ್ಲೇ ಏರಿತು. ಬಿಚ್ಚಲು ಎರಡು ದಿನ ಹಿಡಿಯಿತು. ಅವತ್ತಿನಿಂದ ಪ್ರತಿ ಕಂಬದ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆವು. ಮೊಬೈಲ್ ಹಿಡಿದರೆ ಆ ಭಾಗದ ಇವತ್ತಿನ ಡ್ರಾಯಿಂಗ್ ತೆರೆಯಬೇಕು. ಹಳೆಯ ಹಾಳೆ ವಾಪಸ್ ಕೊಡದೆ ಹೊಸದು ಸಿಗಲ್ಲ ಎಂದೂ ಮಾಡಿದೆವು.

ಗಡುವಿಗೆ ಎರಡು ದಿನ ಮುಂಚೆ ಕೀಲಿ ಕೊಟ್ಟೆವು. ಸೀಲಿಂಗ್ ಒಮ್ಮೆಯೂ ಒಡೆಯಲಿಲ್ಲ.

ಮೂರು ಸಾವಿರ ಚದರ ಅಡಿಯ ಆಫೀಸ್‌ಗೂ ಇಷ್ಟೆಲ್ಲ ಬೇಕಾ ಎಂದು ಗೆಳೆಯರು ಕೇಳುತ್ತಾರೆ. ಬೇಡ. ಅಲ್ಲಿ ನಾನು ಬೀಮ್‌ನ ತಳ ಅಳೆದು, ಡ್ರೈನ್ ಪೈಪ್‌ನ ವಾಟ ಬರೆದು, ಸೀಲಿಂಗ್ ಒಳಗಿನ ಇಕ್ಕಟ್ಟಿನ ನಾಲ್ಕು ಜಾಗಗಳನ್ನು ಮಾತ್ರ ಮಾಡೆಲ್ ಮಾಡುತ್ತೇನೆ. ಉಳಿದದ್ದಕ್ಕೆ ಟೇಪು, ಸುಣ್ಣದ ದಾರ ಸಾಕು.