ಮೊದಲು ಹೆಬ್ಬೆರಳು, ಆಮೇಲೆ ಎಕ್ಸ್‌ರೇ

ಮಳೆ ಹಿಡಿಯಿತೆಂದರೆ ಮಲೆನಾಡಿನ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲು ಉಳುಕಿದವರದ್ದೇ ಸಾಲು. ಪಾಚಿ ಕಟ್ಟಿದ ಅಂಗಳ, ತೋಟದ ಸಂಕ, ಎಲ್ಲಾ ಕಡೆ ಜಾರುತ್ತಾರೆ. ರಾತ್ರಿ ನಮ್ಮಲ್ಲಿ ಎಕ್ಸ್‌ರೇ ಇಲ್ಲ. ಹೊರಗೆ ಮುನ್ನೂರೈವತ್ತೋ ನಾನೂರೋ, ಆಟೋಗೆ ಇನ್ನೊಂದಿಷ್ಟು. ಫಿಲ್ಮ್ ನೋಡಿದರೆ ಹತ್ತರಲ್ಲಿ ಎಂಟು ಜನರ ಮೂಳೆ ನೆಟ್ಟಗಿರುತ್ತಿತ್ತು.

ಕಾಲುಗಂಟು ಉಳುಕಿದಾಗ ಕೆಲವು ಮೂಳೆಗಳನ್ನು ಒತ್ತಿದರೆ ನೋಯದೆ, ನಾಲ್ಕು ಹೆಜ್ಜೆ ನಡೆಯಲಾದರೆ ಎಕ್ಸ್‌ರೇ ಬೇಡ ಅನ್ನುವ ಒಟ್ಟಾವಾ ನಿಯಮ 1992ರದ್ದು. ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಆದರೆ ಅದನ್ನು ನಂಬಿ ಮನೆಗೆ ಕಳಿಸುವವರು ಎಷ್ಟು ಜನ? ನಾನು ಶುರು ಮಾಡಿದಾಗ ಮೂಳೆ ಡಾಕ್ಟರ್ ಗೆಳೆಯ ‘ಕೋರ್ಟಿಗೆ ಹೋಗೋ ಆಸೆನಾ?’ ಅಂದ.

ಮೊದಮೊದಲು ಒಂದು ಎಕ್ಸ್‌ರೇಯೂ ಉಳಿಯಲಿಲ್ಲ. ಮುಟ್ಟಿದರೆ ಎಲ್ಲರೂ ‘ಅಯ್ಯೋ’ ಅನ್ನುವವರೇ. ಪಕ್ಕದಲ್ಲಿ ನಿಂತು ನೋಡಿದೆ. ನಮ್ಮ ಕಿರಿಯ ಡಾಕ್ಟರ್ ಹುಡುಗರು ಒತ್ತುತ್ತಿದ್ದದ್ದು ಕಾಲಿನ ಹೊರಗಂಟಿನ ಮುಂದೆ. ಅಲ್ಲಿರುವುದು ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್, ಉಳುಕಿದವರಿಗೆ ಅಲ್ಲಿ ನೋಯದೆ ಇರುತ್ತಾ? ಒತ್ತಬೇಕಾದದ್ದು ಮೂಳೆಯ ಹಿಂದಿನ ಅಂಚು, ತುದಿಯಿಂದ 6 ಸೆಂ.ಮೀ. ತನಕ. ಈಗ ಮೇಲಿನಿಂದ ಕೆಳಗೆ ಇಳಿಯುತ್ತೇವೆ. ಆಮೇಲೆ ಪಾದದ ಒಳಬದಿಯ ನ್ಯಾವಿಕ್ಯುಲರ್ ಮೂಳೆ, ಕಿರುಬೆರಳ ಸಾಲಿನ ಐದನೇ ಮೆಟಟಾರ್ಸಲ್ ಮೂಳೆಯ ಬುಡ. ಕೊನೆಗೆ ನಾಲ್ಕು ಹೆಜ್ಜೆ. ಕುಂಟಿದರೂ ನಡೆದ ಲೆಕ್ಕವೇ. ಹೆದರಿ ಕಾಲೂರದವರನ್ನು ನಡೆಸಲು ನಮ್ಮ ಸಿಸ್ಟರ್ ಹತ್ತಿರ ಒಂದು ಉಪಾಯ ಇದೆ, ಅದು ನಮ್ಮಲ್ಲೇ ಇರಲಿ. ಕಾಲಿನ ಹೊರಬದಿಯ ಮೂಳೆ ಫಿಬುಲಾದ ಕತ್ತಿನ ತನಕ, ಅಂದರೆ ಮಂಡಿಯ ಹತ್ತಿರದವರೆಗೆ ಕೈಯಾಡಿಸುವುದು ನನ್ನ ಸ್ವಂತ ಸೇರ್ಪಡೆ. ಕುಡಿದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದ್ಯಾವುದೂ ಬೇಡ, ಸೀದಾ ಎಕ್ಸ್‌ರೇ.

ಇನ್ನೊಂದು ತಲೆನೋವು ಜನರದ್ದು. ‘ಫೋಟೋ ತೆಗೀದೆ ಎಂಥ ಡಾಕ್ಟ್ರು’ ಎಂದು ಮರುದಿನ ಬೇರೆ ಕಡೆ ಹೋಗಿ ತೆಗೆಸುತ್ತಿದ್ದರು. ಈಗ ಚೀಟಿಯಲ್ಲೇ ಬರೆಯುತ್ತೇನೆ: ಐದಾರು ದಿನಕ್ಕೂ ಕಾಲೂರಲಾಗದಿದ್ದರೆ ಬನ್ನಿ, ತೆಗೆಸೋಣ. ಮೂರರಲ್ಲೊಂದು ಎಕ್ಸ್‌ರೇ ಉಳಿಯುತ್ತಿದೆ.

ನಡುವೆ, ಮೂಳೆ ಮುರಿದಿದೆಯೇ ಎಂದು ಸದ್ದಿನಿಂದ ತಿಳಿಯಲು 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ಕಂಪಿಸುವ ಲೋಹದ ಕವೆ) ಕೂಡ ಇಟ್ಟು ನೋಡಿದೆ. ಫ್ಯಾನ್ ಸದ್ದಿನಲ್ಲಿ ಏನೂ ಕೇಳಲಿಲ್ಲ, ಬಿಟ್ಟೆ.

ರಕ್ತ ಹರಿಯುವ ಸದ್ದು ಕೇಳಿಸುವ ಕೈ ಡಾಪ್ಲರ್ ಮಾತ್ರ ಸಾರ್ಥಕ. ಎಂಟೊಂಬತ್ತು ಸಾವಿರ ಸ್ವಂತ ದುಡ್ಡು, ಮನೆಯಲ್ಲಿ ಬೈಸಿಕೊಂಡೆ. ಬೈಕಿನಿಂದ ಬಿದ್ದ ಹುಡುಗನೊಬ್ಬನ ಮಂಡಿ ಜಾರಿ ತಾನೇ ಕೂತುಕೊಂಡಿತ್ತು. ಪಾದ ಬೆಚ್ಚಗೆ, ನಾಡಿ ಕೈಗೆ ಸಿಕ್ಕಿತು. ಎಕ್ಸ್‌ರೇ ಕ್ಲೀನ್. ಡಾಪ್ಲರ್ ಹಿಡಿದು ಎಬಿಐ (ಕಾಲುಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಲೆಕ್ಕ) ಹಾಕಿದರೆ 0.7ರ ಆಸುಪಾಸು. 0.9ಕ್ಕಿಂತ ಕೆಳಗೆ ಬಂದರೆ ನಾನು ಕಾಯುವವನಲ್ಲ, ಆಗಲೇ ಆಂಬುಲೆನ್ಸ್ ಹತ್ತಿಸಿದೆ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ರಕ್ತನಾಳದ ಒಳಪದರ ಹರಿದಿತ್ತು. ಕಾಲು ಉಳಿಯಿತು. ಕೋರ್ಟಿನ ಮಾತಾಡಿದ ಗೆಳೆಯ ಈಗ ‘ಎಲ್ಲಿ ತಗೊಂಡೆ’ ಎಂದು ಕೇಳುತ್ತಾನೆ.

ಡಾಪ್ಲರ್ ಕೊಳ್ಳುವವರು 8 ಮೆಗಾಹರ್ಟ್ಸ್ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ತುದಿ) ಕೇಳಿ. ಹೆರಿಗೆ ವಾರ್ಡಿನ 2 ಮೆಗಾಹರ್ಟ್ಸ್‌ನದ್ದು ಪಾದದ ನಾಡಿಗೆ ಆಗಿಬರಲ್ಲ. ಮೊದಲು ಅದನ್ನೇ ಎರವಲು ತಂದು ಸುಮ್ನೆ ಪೇಚಾಡಿದ್ದೆ.